ಇನ್‌ಸ್ಟ್ರಕ್ಟರ್ ಕೈ ಬಿಟ್ಟ ಮೇಲೆ: ಕಾರವಾರ, ಸಿರ್ಸಿಯಲ್ಲಿದ್ದುಕೊಂಡೇ ಸ್ಕೈಡೈವಿಂಗ್ ಅಭ್ಯಾಸ ಮುಂದುವರಿಸುವುದು ಹೇಗೆ

ಇನ್‌ಸ್ಟ್ರಕ್ಟರ್ ಮೈಗೆ ಕಟ್ಟಿಕೊಂಡು ಹಾರುವ ಟ್ಯಾಂಡೆಮ್ ಜಿಗಿತ ಮುಗಿಸಿ ವಿಡಿಯೋ ಹಾಕಿದವರಿಗಾಗಿ ಬರೆದದ್ದಲ್ಲ ಇದು. ಒಬ್ಬರೇ ಜಿಗಿಯಲು ಕಲಿಸುವ ಎಎಫ್‌ಎಫ್ ಕೋರ್ಸ್ ಸೇರಿ, ಮೊದಲ ಹಂತಗಳನ್ನು ದಾಟಿ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಹಿಡಿದುಕೊಳ್ಳದೆ ಒಬ್ಬರೇ ಬೀಳಲು ಶುರು ಮಾಡಿದವರಿಗಾಗಿ. ಅಲ್ಲಿಂದ ಮೊದಲ ಲೈಸೆನ್ಸ್ ಆದ ಎ ಲೈಸೆನ್ಸ್ ಸಿಗುವವರೆಗಿನ ನಡುವಿನ ಕಾಲ ಬಹಳ ಜನರಿಗೆ ಗೊಂದಲದ್ದು. ಹೆದರಿಕೆ ಸ್ವಲ್ಪ ಇಳಿದಿರುತ್ತದೆ, ಕೌಶಲ ಇನ್ನೂ ಬಂದಿರುವುದಿಲ್ಲ. ಆಮೇಲೆ ನಾವೋ ಉತ್ತರ ಕನ್ನಡದವರು. ಜಿಲ್ಲೆಯಲ್ಲಿ ಡ್ರಾಪ್‌ಜೋನ್, ಅಂದರೆ ವಿಮಾನದಿಂದ ಜಿಗಿದು ಇಳಿಯುವ ಕೇಂದ್ರ, ಇಲ್ಲ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಇಲ್ಲಿ ಹಾರುವ ಯೋಚನೆಯೂ ಬೇಡ. ಮುರ್ಡೇಶ್ವರದಲ್ಲಿ ದೋಣಿಗೆ ಹಗ್ಗ ಕಟ್ಟಿ ಎಳೆಯುವ ಪ್ಯಾರಾಸೇಲಿಂಗ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಒಂದು ಲೆಕ್ಕ ನೋಡಿ. ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ಪದ್ಧತಿಯಲ್ಲಿ ಎ ಲೈಸೆನ್ಸಿಗೆ ಕನಿಷ್ಠ 25 ಜಿಗಿತ ಬೇಕು. ಹಲವು ಡ್ರಾಪ್‌ಜೋನ್‌ಗಳು ಇದೇ ಪದ್ಧತಿಯಲ್ಲಿ ಕಲಿಸುತ್ತವೆ. 13,000 ಅಡಿಯಿಂದ ಹಾರಿದರೆ ಪ್ಯಾರಾಚೂಟ್ ಬಿಚ್ಚುವವರೆಗೆ ಸಿಗುವುದು ಮುಕ್ಕಾಲು ನಿಮಿಷದಿಂದ ಹೆಚ್ಚೆಂದರೆ ಒಂದು ನಿಮಿಷ. ಅದರಲ್ಲಿ ಕೆಲವು ಜಿಗಿತ ಕಡಿಮೆ ಎತ್ತರದಿಂದ. ಒಟ್ಟು ಸೇರಿಸಿದರೆ ಇಡೀ ಲೈಸೆನ್ಸ್ ಕಲಿಕೆಯಲ್ಲಿ ನೀವು ಗಾಳಿಯಲ್ಲಿ ಬೀಳುವ ಸಮಯ ಸುಮಾರು 20 ನಿಮಿಷ. ಕಾರವಾರದಿಂದ ಅಂಕೋಲಾಕ್ಕೆ ಬಸ್ಸಿನಲ್ಲಿ ಹೋಗಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು! ಇಷ್ಟು ಚಿಕ್ಕ ಸಮಯದಲ್ಲಿ ಹೊಸದನ್ನು ಗಾಳಿಯಲ್ಲೇ ಕಲಿಯುತ್ತೇನೆ ಎಂದರೆ ದುಡ್ಡು ನೀರಿನಲ್ಲಿ ಹೋಮ. ಕಲಿಯುವುದೆಲ್ಲ ನೆಲದ ಮೇಲೆ. ಮೇಲೆ ಹೋಗುವುದು ಕಲಿತದ್ದು ಬರುತ್ತದೋ ಇಲ್ಲವೋ ನೋಡಲು. ನೆಲದ ಅಭ್ಯಾಸಕ್ಕೆ ನಮ್ಮ ಜಿಲ್ಲೆ ಎಷ್ಟು ಚೆನ್ನಾಗಿದೆ ಎಂಬುದು ಗೊತ್ತಿಲ್ಲದವರೇ ಜಾಸ್ತಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇಲ್ಲಿರುವ ಎತ್ತರ, ಸೆಕೆಂಡುಗಳ ಲೆಕ್ಕ ಸಾಮಾನ್ಯವಾಗಿ ಕಲಿಸುವಂಥದ್ದು. ನಿಮ್ಮ ಇನ್‌ಸ್ಟ್ರಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಮೊದಲು ಎತ್ತರ, ಉಳಿದದ್ದೆಲ್ಲ ಆಮೇಲೆ

ನಡುವಿನ ಹಂತದವರು ಎಡವುವುದು ಇಲ್ಲೇ. ಮೊದಲ ಜಿಗಿತಗಳಲ್ಲಿ ಇನ್‌ಸ್ಟ್ರಕ್ಟರ್ ಕಣ್ಣೆದುರು ಇರುತ್ತಾರೆ, ಕೈಸನ್ನೆ ಮಾಡುತ್ತಾರೆ. ಒಬ್ಬರೇ ಬೀಳುವಾಗ ಪಲ್ಟಿ ಸರಿ ಬರಲಿಲ್ಲ, ಇನ್ನೊಂದ್ಸಲ ನೋಡೋಣ ಎಂದು ತಲೆ ಅದರಲ್ಲೇ ಮುಳುಗುತ್ತದೆ. ಎತ್ತರ ಕಾಯುತ್ತದೆಯೇ?

ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರ್. ಮೊದಲ 1,000 ಅಡಿ ಕಳೆಯಲು ಸುಮಾರು 10 ಸೆಕೆಂಡು ಹಿಡಿಯುತ್ತದೆ. ಆಮೇಲೆ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡು ಅಷ್ಟೆ. ಜೋಗದ ಎತ್ತರ ಸುಮಾರು 830 ಅಡಿ. ಆ ವೇಗದಲ್ಲಿ ಅದನ್ನು ದಾಟಲು ಐದು ಸೆಕೆಂಡು ಸಹ ಬೇಡ. ಮೇನ್ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪೈಲಟ್ ಚೂಟ್ ಎಸೆದ ಮೇಲೆ ವಿದ್ಯಾರ್ಥಿಗಳ ದೊಡ್ಡ ಕನೋಪಿ (ಪ್ಯಾರಾಚೂಟಿನ ಬಟ್ಟೆಯ ರೆಕ್ಕೆ) ಪೂರ್ತಿ ಅರಳಲು ಹೆಚ್ಚುಕಡಿಮೆ ಒಂದು ಜೋಗದಷ್ಟು ಎತ್ತರ ಖರ್ಚಾಗುತ್ತದೆ.

ನೆನಪಿಡಬೇಕಾದ ಎತ್ತರಗಳು ಇವು. ಜೊತೆಗೆ ಇನ್ನೊಬ್ಬರು ಇದ್ದರೆ 5,500 ಅಡಿಗೆ ಬೇರೆಯಾಗುವುದು, 4,000ಕ್ಕೆ ಬಿಚ್ಚುವುದು ಒಳ್ಳೆಯ ಯೋಜನೆ. ವಿದ್ಯಾರ್ಥಿಗಳಿಗೂ ಎ ಲೈಸೆನ್ಸಿನವರಿಗೂ 3,000 ಅಡಿಗಿಂತ ಕೆಳಗೆ ಬಿಚ್ಚುವ ಮಾತೇ ಇಲ್ಲ. 2,500 ಅಡಿ ನಿರ್ಧಾರದ ಎತ್ತರ. ಮೇನ್ ಪ್ಯಾರಾಚೂಟ್ ಸರಿಯಿಲ್ಲ ಎಂದಾದರೆ ಅದನ್ನು ಕಳಚಿ ಎರಡನೆಯ ಪ್ಯಾರಾಚೂಟ್ ಆದ ರಿಸರ್ವ್ ಎಳೆಯುವ ತೀರ್ಮಾನ ಅಷ್ಟರೊಳಗೆ ಆಗಿರಬೇಕು, ಕೈ ಕೆಲಸ ಶುರು ಮಾಡಿರಬೇಕು.

ಈ ಅಂಕಿಗಳನ್ನು ಬಾಯಿಪಾಠ ಮಾಡಬಹುದು. ಮೈಗೆ ಹತ್ತಿಸಲು ಕುಮಟಾದಿಂದ ಸಿರ್ಸಿಗೆ ಬಸ್ ಹತ್ತಿ.

ಕುಮಟಾ ಬಹುತೇಕ ಸಮುದ್ರ ಮಟ್ಟದಲ್ಲಿದೆ. ಸಿರ್ಸಿ ಸಮುದ್ರ ಮಟ್ಟದಿಂದ ಸುಮಾರು 1,900 ಅಡಿ ಮೇಲೆ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್ ಸೊನ್ನೆಗೆ ತಿರುಗಿಸಿ. ಮುಳ್ಳಿನ ಆಲ್ಟಿಮೀಟರ್ ಇದ್ದರೆ ಒಳ್ಳೆಯದು. ಕೆಲವು ಡಿಜಿಟಲ್ ಮೀಟರ್‌ಗಳು ನಿಧಾನವಾಗಿ ಬದಲಾಗುವ ಒತ್ತಡವನ್ನು ಹವಾಮಾನದ ಬದಲಾವಣೆ ಎಂದುಕೊಂಡು ತಾವೇ ಸೊನ್ನೆ ಮಾಡಿಕೊಳ್ಳುತ್ತವೆ. ಯಾವುದೂ ಇಲ್ಲದಿದ್ದರೆ ಬ್ಯಾರೋಮೀಟರ್ ಇರುವ ಫೋನೂ ಆಗುತ್ತದೆ. ಮೀಟರ್ ಮೇಲೆ ಅಂಗಿಯ ತೋಳು ಎಳೆದುಕೊಳ್ಳಿ. ಕತಗಾಲ ದಾಟಿ ದೇವಿಮನೆ ಘಟ್ಟ ಶುರುವಾದ ಮೇಲೆ ಪ್ರತಿ ದೊಡ್ಡ ತಿರುವಿನಲ್ಲಿ ಮೊದಲು ಅಂದಾಜು ಮಾಡಿ, ಮನಸ್ಸಿನಲ್ಲೇ ಅಂಕಿ ಹೇಳಿ, ಆಮೇಲೆ ತೋಳು ಸರಿಸಿ ನೋಡಿ. ಮೊದಮೊದಲು ನಗು ಬರುವಷ್ಟು ತಪ್ಪುತ್ತದೆ. ಕಿಟಕಿಯ ಹೊರಗಿನ ಕಾಡು, ಕೆಳಗೆ ಕಾಣುವ ಕಣಿವೆ, ಕಿವಿಯೊಳಗಿನ ಒತ್ತಡ ಎಲ್ಲ ಸೇರಿ ನಿಧಾನಕ್ಕೆ ಒಂದು ಅಂದಾಜು ಕೂರುತ್ತದೆ.

ಸಿರ್ಸಿಯಲ್ಲಿ ಇಳಿದ ಮೇಲೆ ಒಂದು ಕ್ಷಣ ನಿಂತು ಮೀಟರ್ ನೋಡಿ. ನೀವು ನಿಂತಿರುವ ಜಾಗ, ಕಡಲ ಮಟ್ಟದಿಂದ ಲೆಕ್ಕ ಹಾಕಿದರೆ, ನಿಮ್ಮ ನಿರ್ಧಾರದ ಎತ್ತರಕ್ಕಿಂತಲೂ ಕೆಳಗಿದೆ. ಬಿ ಲೈಸೆನ್ಸ್ ಮತ್ತು ಅದಕ್ಕಿಂತ ಮೇಲಿನವರಿಗೆ ಕೊಡುವ 1,800 ಅಡಿಯ ಗಡಿ ಹೆಚ್ಚುಕಡಿಮೆ ಇದೇ ಎತ್ತರ. ಬಸ್ಸು ಇಷ್ಟು ಹೊತ್ತು ಏದುಸಿರು ಬಿಡುತ್ತಾ ಹತ್ತಿದ ಘಟ್ಟ, ಬೀಳುವವನಿಗೆ 10-11 ಸೆಕೆಂಡು. ಇದು ಒಂದ್ಸಲ ಮನಸ್ಸಿಗೆ ಇಳಿದರೆ ಗಾಳಿಯಲ್ಲಿ ಮೀಟರ್ ನೋಡಲು ಯಾರೂ ನೆನಪಿಸಬೇಕಾಗಿಲ್ಲ.

ಇದೇ ಪ್ರಯಾಣ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕುಮಟಾದಲ್ಲಿ ಸೊನ್ನೆ ಮಾಡಿದ ಮೀಟರ್ ಸಿರ್ಸಿಯ ನೆಲದ ಮೇಲೆ 1,900 ತೋರಿಸುತ್ತಿದೆ, ಅಲ್ವಾ? ಅದಕ್ಕೇ ಪ್ರತಿದಿನ, ಪ್ರತಿ ಹಾರಾಟಕ್ಕೂ ಮುಂಚೆ, ಇಳಿಯುವ ಜಾಗದ ನೆಲದಲ್ಲೇ ಸೊನ್ನೆ ನೋಡಿಕೊಳ್ಳಬೇಕು. ತಾನಾಗಿಯೇ ರಿಸರ್ವ್ ಬಿಚ್ಚುವ ಎಎಡಿ ಯಂತ್ರವನ್ನು ಮನೆಯಲ್ಲಿ ಆನ್ ಮಾಡಿ ಕಾರಿನಲ್ಲಿ ಘಟ್ಟ ಹತ್ತಿಸಬಾರದು, ಡ್ರಾಪ್‌ಜೋನಿನಲ್ಲೇ ಆನ್ ಮಾಡಬೇಕು ಎನ್ನುವುದಕ್ಕೂ ಕಾರಣ ಇದೇ.

ಜಗಲಿಯ ಮೇಲೆ ಹೊಟ್ಟೆ ಊರಿ

ಸಿರ್ಸಿ, ಸಿದ್ದಾಪುರ ಕಡೆಯ ಹಳೆಯ ಮನೆಗಳಲ್ಲಿ ಕೆಂಪು ಗಾರೆಯ ಜಗಲಿ ಇರುತ್ತದಲ್ಲ, ನುಣ್ಣಗೆ ಕನ್ನಡಿಯಂಥದ್ದು, ಫ್ರೀಫಾಲ್ (ಪ್ಯಾರಾಚೂಟ್ ಬಿಚ್ಚುವ ಮುಂಚೆ ಬೀಳುವುದು) ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಡ್ರಾಪ್‌ಜೋನ್‌ಗಳಲ್ಲಿ ಕ್ರೀಪರ್ ಎಂದು ಕರೆಯುವ ಹಲಗೆ ಒಂದು ಬೇಕು. ಎದೆಯಿಂದ ಸೊಂಟದ ಕೆಳಗಿನವರೆಗೆ ಸಾಲುವ ಪ್ಲೈವುಡ್, ನಾಲ್ಕು ಮೂಲೆಗೆ ಎಲ್ಲ ಕಡೆ ತಿರುಗುವ ಗಾಲಿ, ಮೇಲೆ ಹಳೆಯ ಹಾಸಿಗೆಯ ತುಂಡು. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಏತಕ್ಕೆ ಎಂದು ವಿವರಿಸಲು ಇನ್ನರ್ಧ ದಿನ.

ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಿ. ಸೊಂಟ ಕೆಳಗೆ ಒತ್ತಿ, ಗಲ್ಲ ಮೇಲೆ. ಮೇಲ್ತೋಳು ಭುಜದ ಮಟ್ಟಕ್ಕೆ, ಮೊಣಕೈ ಮಡಚಿ, ಅಂಗೈ ಸಡಿಲ. ಮಂಡಿ ಸುಮಾರು 45 ಡಿಗ್ರಿ ಮಡಚಿರಲಿ, ಪಾದ ಚಾಚಿರಲಿ. ಇದೇ ಆರ್ಚ್. ಎದುರಿಗೆ ಕನ್ನಡಿ ಇಡಿ, ಇಲ್ಲವೇ ಫೋನಿನಲ್ಲಿ ಹಿಂದಿನಿಂದ ವಿಡಿಯೋ ಮಾಡಿಸಿ. ನೋಡಬೇಕಾದದ್ದು ಕಾಲು. ಗಾಳಿಯಲ್ಲಿ ತಮ್ಮಷ್ಟಕ್ಕೆ ತಿರುಗಿಹೋಗುವ ವಿದ್ಯಾರ್ಥಿಗಳಲ್ಲಿ ಬಹಳ ಜನರ ತೊಂದರೆ ಕೈಯಲ್ಲಿ ಇರುವುದಿಲ್ಲ, ಕಾಲಿನಲ್ಲಿ ಇರುತ್ತದೆ. ಒಂದು ಮಂಡಿ ಸ್ವಲ್ಪ ಇಳಿದಿರುತ್ತದೆ, ಒಂದು ಪಾದ ಜಾಸ್ತಿ ಮಡಚಿರುತ್ತದೆ. ಕಣ್ಣಿಗೆ ಕಾಣದ್ದರಿಂದ ಅದು ಅವರಿಗೆ ಗೊತ್ತೇ ಆಗುವುದಿಲ್ಲ. ಎರಡೂ ಕಾಲಿನ ಹೆಬ್ಬೆರಳು ಒಂದೇ ಎತ್ತರದಲ್ಲಿದೆಯೇ ಎಂದು ನೋಡದೆ, ಬರೀ ಮೈಯಿಂದ ಹೇಳಲು ಬರುವವರೆಗೆ ಇದನ್ನೇ ಮಾಡಿ. ಬೇಜಾರಿನ ಕೆಲಸ, ನಿಜ. ಆದರೆ ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ.

ಕಾಲು ಕೈಗೆ ಬಂದ ಮೇಲೆ, ಅಂದರೆ ಹೇಳಿದ ಮಾತು ಕೇಳಲು ಶುರು ಮಾಡಿದ ಮೇಲೆ, ತಿರುಗುವುದು. ಬಲಕ್ಕೆ ತಿರುಗಲು ಬಲ ಮೊಣಕೈ ಸ್ವಲ್ಪ ಕೆಳಗೆ, ಎಡ ಸ್ವಲ್ಪ ಮೇಲೆ. ತುಂಬ ಬೇಡ. ನಿಲ್ಲಬೇಕಾದ ದಿಕ್ಕು ಬರುವ ಮೊದಲೇ ಸಮ ಮಾಡಿ, ಬೇಕಿದ್ದರೆ ಒಂದು ಚೂರು ವಿರುದ್ಧ. ಮೊದಲು 90 ಡಿಗ್ರಿ, ಆಮೇಲೆ 180, ಕೊನೆಗೆ 360. ಜಗಲಿಯಲ್ಲಿ ಕಂಬ, ಬಾಗಿಲು, ತುಳಸಿಕಟ್ಟೆ ಹೀಗೆ ಗುರುತು ಇಟ್ಟುಕೊಳ್ಳಿ. ಮೇಲೆ ಹೋದಾಗ ಗುರುತು ದೂರದ್ದಾಗಿರಬೇಕು. ಕಾಲ ಕೆಳಗಿನ ರಸ್ತೆ ನೋಡುತ್ತಾ ತಿರುಗಿದರೆ ದಿಕ್ಕು ತಪ್ಪುತ್ತದೆ, ತಲೆ ಬಗ್ಗಿ ಆರ್ಚ್ ಕೂಡ ಹೋಗುತ್ತದೆ.

ಇನ್ನು ಮುಂದೆ, ಹಿಂದೆ ಸರಿಯುವುದು. ಕಾಲು ನೀಡಿ ಕೈ ತುಸು ಹಿಂದಕ್ಕೆ ತಂದರೆ ಮುಂದೆ ಹೋಗುತ್ತೀರಿ. ಕೈ ಮುಂದೆ ಚಾಚಿ ಮಂಡಿ ಮಡಚಿದರೆ ಹಿಂದೆ. ಬೀಳುವ ವೇಗ ಬದಲಿಸಲು ಸೊಂಟ. ಸೊಂಟ ಇನ್ನಷ್ಟು ಒತ್ತಿ ಆರ್ಚ್ ಜಾಸ್ತಿ ಮಾಡಿದರೆ ಬೇಗ ಬೀಳುತ್ತೀರಿ, ಎದೆ ಒಳಗೆ ಎಳೆದು ಬೆನ್ನು ಗುಂಡಗೆ ಮಾಡಿ ಗಾಳಿ ತುಂಬಿಸಿಕೊಂಡರೆ ನಿಧಾನ. ಮೈ ಭಾರ ಇದ್ದವರು ಸಹಜವಾಗಿಯೇ ಬೇಗ ಬೀಳುತ್ತಾರೆ, ಅವರಿಗೆ ಸಡಿಲ ಜಂಪ್‌ಸೂಟ್ ಕೇಳಿ ಪಡೆಯುವುದು ಒಳ್ಳೆಯದು. ತೆಳ್ಳಗಿನವರಿಗೆ ಮೈಗೆ ಅಂಟಿದ್ದು.

ಕೋಚ್ ಜೊತೆ ಹಾರುವಾಗ ಇವೆಲ್ಲ ಒಟ್ಟಿಗೆ ಬೇಕಾಗುತ್ತದೆ. ಅವರ ಹತ್ತಿರ ಹೋಗಿ ಕೈ ಹಿಡಿಯುವುದಕ್ಕೆ ಡಾಕಿಂಗ್ ಎನ್ನುತ್ತಾರೆ. ಕ್ರಮ ತಪ್ಪಬಾರದು. ಮೊದಲು ಅವರ ಎತ್ತರಕ್ಕೆ ಬನ್ನಿ. ಅಲ್ಲೇ ನಿಲ್ಲಿ. ಆಮೇಲೆ ನಿಧಾನವಾಗಿ ಮುಂದೆ. ಕೈಗೆಟುಕುವ ಮೊದಲು ಕಾಲು ಮತ್ತೆ ಮಡಚಿ ವೇಗ ಇಳಿಸಿ. ಕೈ ಚಾಚಿ ಹಿಡಿಯಲು ಹೋಗಬೇಡಿ. ಕೈ ಚಾಚಿದ ಕೂಡಲೇ ಗಾಳಿ ನಿಮ್ಮನ್ನು ಹಿಂದೆ ತಳ್ಳುತ್ತದೆ, ಎಷ್ಟು ಚಾಚಿದರೂ ಅವರು ಅಷ್ಟೇ ದೂರ. ಇನ್ನು, ಯಾರದ್ದೇ ನೇರ ಮೇಲೆ ಹೋಗಬಾರದು. ಬೀಳುವವರ ಬೆನ್ನಿನ ಮೇಲ್ಗಡೆ ಗಾಳಿ ಕಲಕಿಹೋಗಿರುತ್ತದೆ. ಅಲ್ಲಿಗೆ ಹೋದರೆ ನಿಮ್ಮನ್ನು ಹಿಡಿದಿಡಲು ಗಾಳಿಯೇ ಇಲ್ಲದೆ ಅವರ ಮೇಲೆ ಬಿದ್ದುಬಿಡುತ್ತೀರಿ. ಜಗಲಿಯಲ್ಲಿ ಎರಡು ಹಲಗೆ ಇದ್ದರೆ ತಮ್ಮನನ್ನೋ ತಂಗಿಯನ್ನೋ ಇನ್ನೊಂದರ ಮೇಲೆ ಮಲಗಿಸಿ ಇದನ್ನು ಆಡಿಸಬಹುದು. ಒಳಗಿನಿಂದ ಆಯಿ ಬಂದು "ಎಂತ ಮಾಡ್ತಾ ಇದ್ದೆ ಮಾಣಿ?" ಎಂದು ಕೇಳಿದರೆ ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.

ಕೊನೆಯಲ್ಲಿ ಸಮಯ ಸೇರಿಸಿ. ಫೋನಿನಲ್ಲಿ ನಿಮ್ಮದೇ ದನಿಯಲ್ಲಿ ಎತ್ತರಗಳನ್ನು ರೆಕಾರ್ಡ್ ಮಾಡಿ. ಸೊನ್ನೆಯಲ್ಲಿ "ಎಕ್ಸಿಟ್", ಹತ್ತನೇ ಸೆಕೆಂಡಿಗೆ "ಹನ್ನೆರಡು ಸಾವಿರ", ಅಲ್ಲಿಂದ ಐದೂವರೆ ಸೆಕೆಂಡಿಗೊಂದು. 46ನೇ ಸೆಕೆಂಡಿಗೆ "ಐದೂವರೆ ಸಾವಿರ", 54ಕ್ಕೆ "ನಾಲ್ಕು ಸಾವಿರ". ಇದನ್ನು ಹಾಕಿಕೊಂಡು ಇಡೀ ಜಿಗಿತವನ್ನು ಹಲಗೆಯ ಮೇಲೆ ಮಾಡಿ. ಪ್ರತಿ ಚಲನೆಯ ನಂತರ ಮಣಿಕಟ್ಟು ನೋಡುವ ಅಭ್ಯಾಸ ಇರಲಿ. ಒಂದು ಜಿಗಿತಕ್ಕೆ ಎಷ್ಟು ಕೆಲಸ ಇಟ್ಟುಕೊಂಡಿದ್ದೀರಿ, ಅದು ಎಷ್ಟು ಜಾಸ್ತಿಯಾಯಿತು ಎಂಬುದು ಇಲ್ಲೇ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಒಂದು ಜಿಗಿತಕ್ಕೆ ಒಂದೇ ಹೊಸ ವಿಷಯ, ಅದನ್ನೇ ಎರಡು ಮೂರು ಸಲ.

ಪಲ್ಟಿಗಳು

ಬ್ಯಾಕ್ ಲೂಪ್, ಫ್ರಂಟ್ ಲೂಪ್, ಬ್ಯಾರೆಲ್ ರೋಲ್. ವಿಡಿಯೋದಲ್ಲಿ ಚೆಂದ, ಎಲ್ಲರಿಗೂ ಆಸೆ. ಕಲಿಸುವವರಿಗೆ ಬೇಕಾಗಿರುವುದು ಪಲ್ಟಿಯಲ್ಲ, ಪಲ್ಟಿ ಕೆಟ್ಟ ಮೇಲೆ ಐದು ಸೆಕೆಂಡಿನೊಳಗೆ ನೀವು ಮತ್ತೆ ಹೊಟ್ಟೆಯ ಮೇಲೆ ಬರುತ್ತೀರೋ ಎಂಬುದು. ಹಾಗಾಗಿ ನೆಲದ ಮೇಲೆ ಅಭ್ಯಾಸ ಮಾಡಬೇಕಾದದ್ದೂ ಅದನ್ನೇ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಎದೆಗೆ ತಂದು, ಯಾರಾದರೂ "ಆರ್ಚ್" ಎಂದ ಕೂಡಲೇ ಹೊರಳಿ ಆರ್ಚ್‌ಗೆ ಬನ್ನಿ. ಗೊಂದಲ ಆದಾಗ ಏನು ಎತ್ತ ಎಂದು ಯೋಚಿಸಬೇಡಿ, ಆರ್ಚ್ ಮಾಡಿ. ಗಾಳಿ ತಾನೇ ಸರಿ ಮಾಡುತ್ತದೆ. 6,000 ಅಡಿಗಿಂತ ಕೆಳಗೆ ಪಲ್ಟಿ ಬೇಡ.

ದೂರ ಸರಿಯುವುದು

ಗುಂಪಿನಲ್ಲಿ ಹಾರುವವರಿಗೆ ಟ್ರ್ಯಾಕಿಂಗ್, ಅಂದರೆ ಬೀಳುತ್ತಲೇ ಬೇರೆಯವರಿಂದ ದೂರ ಸರಿಯುವುದು, ಜೀವ ಉಳಿಸುವ ವಿದ್ಯೆ. ಇಬ್ಬರು ಹತ್ತಿರ ಹತ್ತಿರ ಪ್ಯಾರಾಚೂಟ್ ಬಿಚ್ಚಿದರೆ ಒಂದಕ್ಕೊಂದು ಡಿಕ್ಕಿ. ಆದ್ದರಿಂದ ಬಿಚ್ಚುವ ಎತ್ತರಕ್ಕಿಂತ ಕನಿಷ್ಠ 1,500 ಅಡಿ ಮೇಲೆ ಬೇರೆಯಾಗಬೇಕು. ಆರು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 2,000.

180 ಡಿಗ್ರಿ ತಿರುಗಿ, ಕಾಲು ಪೂರ್ತಿ ನೇರ ಮಾಡಿ, ಕೈ ಹಿಂದಕ್ಕೆ, ಅಂಗೈ ಕೆಳಗೆ, ಭುಜ ಮುಂದಕ್ಕೆ ಸುತ್ತಿ, ಎದೆ ತುಸು ಒಳಗೆ. ಮೈ ಒಂದು ಬಾಗಿದ ಹಲಗೆಯಾಗಬೇಕು. ಮಂಡಿ ಒಂಚೂರು ಮಡಚಿದ್ದರೂ ಮುಂದೆ ಹೋಗುವ ಬದಲು ಸುಮ್ನೆ ಕೆಳಗೆ ಹೋಗುತ್ತೀರಿ. ಮಂಚದ ಅಂಚಿನಲ್ಲಿ ಹೊಟ್ಟೆ ಮೇಲೆ ಮಲಗಿ ಈ ಭಂಗಿಯಲ್ಲಿ ಹತ್ತು ಸೆಕೆಂಡು ಹಿಡಿದು ನೋಡಿ, ತೊಡೆಯ ಹಿಂಭಾಗ ನೋಯಬೇಕು. ನೋಯದಿದ್ದರೆ ಕಾಲು ನೇರ ಇಲ್ಲ.

ದಿಕ್ಕು ಇನ್ನೂ ಮುಖ್ಯ. ಹೊಸಬರು ಎಷ್ಟು ವೇಗ ಎಂದು ಕೇಳುತ್ತಾರೆ, ಎಷ್ಟು ನೇರ ಎಂದು ಕೇಳುವುದಿಲ್ಲ. ವಿಮಾನ ಹೋಗುವ ಸಾಲಿನಲ್ಲೇ ಟ್ರ್ಯಾಕ್ ಮಾಡಿದರೆ ನಿಮ್ಮ ಮುಂದೆ ಅಥವಾ ಹಿಂದೆ ಹಾರಿದ ಗುಂಪಿನ ಮೇಲೆ ಹೋಗುತ್ತೀರಿ. ಆ ಸಾಲಿಗೆ ಅಡ್ಡಲಾಗಿ ಹೋಗಬೇಕು. ಒಬ್ಬರೇ ಹಾರುವಾಗಲೂ ಅಷ್ಟೇ. ಇಳಿತದ ಹೊತ್ತಿನಲ್ಲಿ ಕಾರವಾರದ ಬೀಚಿಗೆ ಹೋಗಿ, ಕಾಲಿನಲ್ಲಿ ಮರಳ ಮೇಲೆ ವಿಮಾನದ ಸಾಲು ಎಳೆಯಿರಿ. ಜೊತೆಗೆ ಒಬ್ಬರಿದ್ದರೆ ಎದುರುಬದುರು ನಿಂತು, ಸನ್ನೆ ಕೊಟ್ಟು, ತಿರುಗಿ, ಸಾಲಿಗೆ ಅಡ್ಡಲಾಗಿ ನೇರ ನಡೆಯಿರಿ. ನೂರು ಅಡಿ ಆದ ಮೇಲೆ ನಿಂತು, ಎರಡೂ ಕೈ ತಲೆಯ ಮೇಲೆ ಬೀಸಿ, ಪೈಲಟ್ ಚೂಟ್ ಎಸೆದಂತೆ ಮಾಡಿ. ಈಗ ಹಿಂದೆ ತಿರುಗಿ ಹೆಜ್ಜೆ ಗುರುತು ನೋಡಿ. ಸೊಟ್ಟಗೆ ಹೋಗಿದ್ದರೆ ಮರಳು ಸುಳ್ಳು ಹೇಳುವುದಿಲ್ಲ.

ಕಡಿಮೆ ಎತ್ತರದ ಜಿಗಿತ ಮತ್ತು ಹ್ಯಾಂಡಲ್‌ಗಳು

ಲೈಸೆನ್ಸಿಗೆ ಮುಂಚೆ 5,500 ಅಡಿಯಿಂದ ಒಂದು, 3,500 ಅಡಿಯಿಂದ ಒಂದು ಜಿಗಿತ ಇರುತ್ತದೆ. ಹೊರಗೆ ಬಂದ ಐದು ಸೆಕೆಂಡಿನೊಳಗೆ ಬಿಚ್ಚಬೇಕು. ವಿಮಾನಕ್ಕೆ ತೊಂದರೆಯಾಗಿ ಬೇಗ ಇಳಿಯಬೇಕಾಗಿ ಬಂದರೆ ಎಂದು ಈ ತಯಾರಿ. ಇಲ್ಲಿ ತಿಳಿದಿರಬೇಕಾದ ವಿಷಯ ಒಂದೇ. ಬಾಗಿಲಿನಿಂದ ಹೊರಬಂದ ಕ್ಷಣ ಗಾಳಿ ಕೆಳಗಿನಿಂದ ಬರುವುದಿಲ್ಲ, ವಿಮಾನದ ಮುಂದಿನಿಂದ ಬರುತ್ತದೆ. ಎದೆ, ಸೊಂಟ ಆ ಕಡೆಗೆ ಕೊಡಬೇಕು. ನೆಲದ ಕಡೆಗೆ ಹಾರಲು ಹೋದವರು ಮಗುಚುತ್ತಾರೆ.

ತುರ್ತು ಕ್ರಮದ ಅಭ್ಯಾಸ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮಾಡುವಂಥದ್ದು. ಹಳೆಯ ಬೆನ್ನುಚೀಲಕ್ಕೆ ಟೈಲರ್ ಹತ್ತಿರ ಎರಡು ವೆಲ್ಕ್ರೋ ಪಟ್ಟಿ ಹೊಲಿಸಿ. ಬಲಗಡೆ ಬಟ್ಟೆಯ ಹಿಡಿ, ಅದು ಮೇನ್ ಕಳಚುವ ಕಟ್‌ಅವೇ. ಎಡಗಡೆ ರಿಸರ್ವ್. ನಿಮ್ಮ ಡ್ರಾಪ್‌ಜೋನಿನ ಉಪಕರಣದಲ್ಲಿ ಎಲ್ಲಿದೆಯೋ ಅದೇ ಎತ್ತರದಲ್ಲಿ, ಅದೇ ಆಕಾರದಲ್ಲಿ ಇರಲಿ. ಆರ್ಚ್ ಮಾಡಿ, ಬಲದ ಹಿಡಿ ನೋಡಿ, ಹಿಡಿಯಿರಿ, ಎಡದ್ದನ್ನು ನೋಡಿ, ಬಲದ್ದನ್ನು ಪೂರ್ತಿ ಎಳೆಯಿರಿ, ಎಡದ್ದನ್ನು ಪೂರ್ತಿ ಎಳೆಯಿರಿ. ನಿಮ್ಮಲ್ಲಿ ಕಲಿಸಿದ ಕೈಕ್ರಮ ಬೇರೆಯಿದ್ದರೆ ಅದನ್ನೇ ಮಾಡಿ, ಎರಡು ಬಗೆ ಬೆರೆಸಬೇಡಿ. ಇನ್ನೊಂದು, ಹಿತ್ತಲಿನ ಹಲಸಿನ ಮರಕ್ಕೆ ಹಗ್ಗ ಕಟ್ಟಿ ನೇತಾಡುವ ಐಡಿಯಾ ಬೇಡ. ಅದಕ್ಕೆ ಡ್ರಾಪ್‌ಜೋನಿನಲ್ಲೇ ಸರಿಯಾದ ಹಾರ್ನೆಸ್ ಇರುತ್ತದೆ.

ಗೇರ್ ನೋಡುವುದನ್ನೂ ಈ ಹಂತದಲ್ಲಿ ಬೇರೆಯವರಿಗೆ ಬಿಡಬೇಡಿ. ನಮ್ಮ ಕೊನೆಗೌಡರು ಅಡಿಕೆ ಮರ ಹತ್ತುವ ಮುಂಚೆ ತಮ್ಮ ಹಗ್ಗ ತಾವೇ ಎಳೆದು ನೋಡಿಕೊಳ್ಳುತ್ತಾರೆ, ತೋಟದ ಯಜಮಾನರು ನೋಡಿದ್ದೇನೆ ಎಂದರೂ ಕೇಳುವುದಿಲ್ಲ. ಇಲ್ಲೂ ಹಾಗೆಯೇ. ಹಾಕಿಕೊಳ್ಳುವ ಮುಂಚೆ, ವಿಮಾನ ಹತ್ತುವ ಮುಂಚೆ, ಹಾರುವ ಮುಂಚೆ.

ಗಾಳಿ ಓದಲು ಕಡಲ ತೀರ

ಫ್ರೀಫಾಲ್ ಬಗ್ಗೆ ಬರೆಯುತ್ತಾ ಕನೋಪಿಗೆ ಯಾಕೆ ಬಂದೆ ಎನ್ನಬಹುದು. ಮೂಳೆ ಮುರಿಯುವುದು ಹೆಚ್ಚಾಗಿ ಇಳಿಯುವಾಗ, ಅದಕ್ಕೆ. ಆಮೇಲೆ, ಗಾಳಿ ಓದುವುದನ್ನು ಕರಾವಳಿಯವರು ಕಲಿತಷ್ಟು ಸುಲಭವಾಗಿ ಬೇರೆಯವರು ಕಲಿಯಲಾರರು.

ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಕಾರವಾರದ ರವೀಂದ್ರನಾಥ ಟಾಗೋರ್ ಬೀಚಿಗೆ ಬೆಳಿಗ್ಗೆ ಬೇಗ ಹೋಗಿ. ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ, ಮೆಲ್ಲಗೆ. ಹೊತ್ತು ಏರಿದ ಮೇಲೆ ಸ್ವಲ್ಪ ಹೊತ್ತು ಗಾಳಿಯೇ ಇರುವುದಿಲ್ಲ. ಮಧ್ಯಾಹ್ನದಿಂದ ಕಡಲಿನಿಂದ ದಡಕ್ಕೆ, ಜೋರಾಗಿ. ಒಂದೇ ಜಾಗ, ಒಂದೇ ದಿನ, ದಿಕ್ಕು ಉಲ್ಟಾ. ಬೆಳಿಗ್ಗೆ ಇಳಿಯುವವರು ಗುಡ್ಡಕ್ಕೆ ಮುಖ ಮಾಡಬೇಕು, ಸಂಜೆ ಇಳಿಯುವವರು ಕಡಲಿಗೆ. ಡ್ರಾಪ್‌ಜೋನಿನಲ್ಲಿ ಬೆಳಗಿನ ಜಿಗಿತದ ದಿಕ್ಕನ್ನೇ ನಂಬಿ ಮಧ್ಯಾಹ್ನ ಹಾರಬಾರದು ಎಂಬುದು ಇಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ.

ಮರಳ ಮೇಲೆ ಇಳಿಯುವ ದಾರಿ ಬರೆಯಿರಿ. 1,000 ಅಡಿಯಲ್ಲಿ ಗಾಳಿಯ ಜೊತೆಗೆ ಒಂದು ಸಾಲು, 600ರಲ್ಲಿ ಅಡ್ಡ ತಿರುವು, 300ರಲ್ಲಿ ಗಾಳಿಗೆ ಎದುರು. ಇದರ ಮೇಲೆ ನಡೆಯಿರಿ. ಗಾಳಿ ಜೋರಾದ ದಿನ ಕೊನೆಯ ಸಾಲು ಗಿಡ್ಡವಾಗುತ್ತದೆ, ಗಾಳಿ ಇಲ್ಲದ ದಿನ ಉದ್ದ. ಅಡ್ಡ ಸಾಲನ್ನು ಎಲ್ಲಿ ಶುರು ಮಾಡಬೇಕು ಎಂದು ಪ್ರತಿಸಲ ಮೊದಲೇ ಜೋರಾಗಿ ಹೇಳಿ ನಡೆಯಿರಿ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ಸಿಕ್ಕರೆ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ನೆಲದ ಗಾಳಿಯ ಮಿತಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಸಂಜೆಯ ಕಡಲಗಾಳಿ ಕೆಲವು ದಿನ ಇದನ್ನು ಸಲೀಸಾಗಿ ದಾಟುತ್ತದೆ. ಅಂಥ ದಿನ ಮುಖದ ಮೇಲೆ ಗಾಳಿ ಹೇಗೆ ಬಡಿಯುತ್ತದೆ ಎಂದು ನೆನಪಿಟ್ಟುಕೊಂಡರೆ, ಮುಂದೆ ಎಲ್ಲೋ ವಿಮಾನದ ಸಾಲಿನಲ್ಲಿ ನಿಂತಾಗ ಇವತ್ತು ಬೇಡ ಎನ್ನುವ ಧೈರ್ಯ ಬರುತ್ತದೆ.

ಬೀಚಿನ ಅಂಚಿನ ಗಾಳಿಮರಗಳ (ಕ್ಯಾಸುರಿನಾ) ಸಾಲಿನ ಹಿಂದೆ ಹೋಗಿ ನಿಂತು ನೋಡಿ. ಗಾಳಿ ಕಡಿಮೆ ಅನಿಸುತ್ತದೆ, ಆದರೆ ಸುತ್ತಿ ಸುತ್ತಿ ಬರುತ್ತದೆ. ಅಡ್ಡ ಇರುವ ಮರ, ಕಟ್ಟಡದ ಎತ್ತರದ 10ರಿಂದ 20 ಪಟ್ಟು ದೂರದವರೆಗೂ ಗಾಳಿ ಹೀಗೆ ಕಲಕಿರಬಹುದು. 50 ಅಡಿ ಮರದ ಸಾಲಿಗೆ 500ರಿಂದ 1,000 ಅಡಿ! ಆ ಜಾಗ ಮೇಲಿನಿಂದ ನೋಡಿದರೆ ಇಳಿಯಲು ಬಹಳ ಚೆನ್ನಾಗಿ ಕಾಣುತ್ತದೆ.

ನೀರಿಗೆ, ಮರಕ್ಕೆ ಬಿದ್ದರೆ

ನೀರಿನ ತರಬೇತಿ ಬಿ ಲೈಸೆನ್ಸಿಗೆ ಕಡ್ಡಾಯ. ಈಜು ಬರುತ್ತದೆ, ಕಾಳಿ ನದಿಯಲ್ಲೇ ಬೆಳೆದವನು ಎಂಬ ಧೈರ್ಯ ಸಾಲದು. ಈಜುವವರನ್ನೂ ಮುಳುಗಿಸುವುದು ಮೇಲೆ ಮುಚ್ಚಿಕೊಳ್ಳುವ ಬಟ್ಟೆ, ಕಾಲಿಗೆ ಸುತ್ತುವ ದಾರ. ನೀರಿಗೆ ಬೀಳುವುದು ಖಚಿತ ಎಂದಾದರೆ ತೇಲುವ ಸಾಧನ ಇದ್ದರೆ ಊದಿಸಿ, ಮೇನ್ ಕಳಚಿದ ಕೂಡಲೇ ರಿಸರ್ವ್ ಬಿಚ್ಚುವ ಆರ್‌ಎಸ್‌ಎಲ್ ಪಟ್ಟಿ ಕಳಚಿ, ಎದೆಪಟ್ಟಿ ಸ್ವಲ್ಪ ಸಡಿಲ ಮಾಡಿ, ಗಾಳಿಗೆ ಮುಖ ಮಾಡಿ, ಕಾಲು ಜೋಡಿಸಿ, ಉಸಿರು ತುಂಬಿಕೊಳ್ಳಿ. ನೀರಿನ ಮೇಲೆ ಎತ್ತರ ಅಂದಾಜಾಗುವುದಿಲ್ಲ. ಹತ್ತು ಅಡಿ ಎಂದುಕೊಂಡದ್ದು ನೂರು ಇರಬಹುದು. ಆದ್ದರಿಂದ ಪಾದ ನೀರಿಗೆ ತಾಗುವವರೆಗೆ ಕನೋಪಿ ಕಳಚಬಾರದು. ಬಿದ್ದ ಮೇಲೆ ಕೈ ಹಿಂದೆ ಮಾಡಿ ಹಾರ್ನೆಸ್‌ನಿಂದ ಜಾರಿ, ಆಳಕ್ಕೆ ಹೋಗಿ, ದೂರದಲ್ಲಿ ಮೇಲೆ ಬನ್ನಿ. ಬಟ್ಟೆ ಮೈಮೇಲೆ ಬಂದರೆ ಒಂದೇ ಹೊಲಿಗೆ ಹಿಡಿದು ಅದರ ಜಾಡಿನಲ್ಲೇ ಅಂಚಿಗೆ ಹೋಗಿ. ಇದರ ಅಭ್ಯಾಸ ಈಜುಕೊಳದಲ್ಲಿ, ಇನ್‌ಸ್ಟ್ರಕ್ಟರ್ ಎದುರು ಮಾತ್ರ. ಕಡಲಿನಲ್ಲಿ ಖಂಡಿತ ಬೇಡ.

ಮರಕ್ಕೆ ಸಿಕ್ಕಿದರೆ ಕಾಲು, ಮಂಡಿ ಜೋಡಿಸಿ, ಮುಖ ಕಾಪಾಡಿ. ಸಿಕ್ಕಿಹಾಕಿಕೊಂಡ ಮೇಲೆ ತಾವೇ ಇಳಿಯಲು ಹೋಗದೆ ಜನ ಬರುವವರೆಗೆ ಕಾಯುವುದು.

ನೇತ್ರಾಣಿ ದ್ವೀಪಕ್ಕೆ ಸ್ಕೂಬಾಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಬಿಡಬೇಕು ಎಂಬುದು ಡೈವಿಂಗ್ ಸುರಕ್ಷತೆಯವರ ಸಲಹೆ. ಅದು ಒಳಗೆ ಒತ್ತಡ ಕಾಯ್ದುಕೊಳ್ಳುವ ಪ್ರಯಾಣಿಕ ವಿಮಾನದ ಲೆಕ್ಕ. ನಮ್ಮದು ಅಂಥ ವ್ಯವಸ್ಥೆ ಇಲ್ಲದ ಚಿಕ್ಕ ವಿಮಾನ, 13,000 ಅಡಿ. ನಾನಾದರೆ ಒಂದು ಪೂರ್ತಿ ದಿನಕ್ಕಿಂತ ಜಾಸ್ತಿ ಬಿಡುತ್ತೇನೆ. ಮಳೆಗಾಲದ ನೆಗಡಿ ಹಿಡಿದು ಕಿವಿ ಕಟ್ಟಿದ್ದರೂ ಹಾರಬಾರದು.

ಹೊರಡುವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ ಬಿಟ್ಟರೆ ಬೇರೆ ಏನೂ ಇಲ್ಲ. ಜಗಲಿ, ಹಲಗೆ, ಬೆನ್ನುಚೀಲದ ಅಭ್ಯಾಸಕ್ಕೆ ಅದೇ ಕಾಲ. ಹರಿಯಾಣದ ನಾರ್ನೌಲ್ ಡ್ರಾಪ್‌ಜೋನಿಗೆ ಹೋಗುವವರು ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದು ದೆಹಲಿಗೆ, ಇಲ್ಲವೇ ಗೋವಾದಿಂದ ವಿಮಾನ. ಮೈಸೂರಿನಲ್ಲೂ ಹಿಂದೆ ಕ್ಯಾಂಪ್‌ಗಳು ನಡೆದಿವೆ. ಎಲ್ಲೇ ಆದರೂ ಎರಡು ದಿನಕ್ಕೆ ಓಡಿಹೋಗಿ ಬರುವ ಬದಲು ಒಂದು ವಾರ ಇಟ್ಟುಕೊಳ್ಳಿ. ಗಾಳಿಗೆ, ಮೋಡಕ್ಕೆ ಒಂದೆರಡು ದಿನ ಹೋಗಿಯೇ ಹೋಗುತ್ತದೆ.

ಕೆಳಗಿನಿಂದ ಗಾಳಿ ಊದಿ ಮೈ ತೇಲಿಸುವ ಹೈದರಾಬಾದಿನ ವಿಂಡ್ ಟನಲ್ ನಮಗೆ ಹತ್ತಿರದ್ದು. ಅಲ್ಲಿನ ಒಂದು ನಿಮಿಷ ಒಂದು ಜಿಗಿತದ ಫ್ರೀಫಾಲ್‌ಗೆ ಸಮ. ಹೋದರೆ ಮೊದಲೇ ಹೇಳಿ, ನನಗೆ ಆಟ ಬೇಡ, ಹೊಟ್ಟೆ ಮೇಲಿನ ತಿರುವು, ಮುಂದೆ ಹಿಂದೆ, ವೇಗ ಏರಿಸಿ ಇಳಿಸುವುದು ಇಷ್ಟು ಸಾಕು ಎಂದು. ಟನಲ್ಲಿಗೆ ಒಂದು ಕೊರತೆ ಇದೆ. ಅಲ್ಲಿ ಎತ್ತರ ಇಲ್ಲ. ಮೀಟರ್ ನೋಡುವ ಅಭ್ಯಾಸ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕೈಗೆ ಗಡಿಯಾರವೂ ಇಲ್ಲದಿದ್ದರೂ ಪ್ರತಿ ಚಲನೆಯ ನಂತರ ಮಣಿಕಟ್ಟು ನೋಡಿ. ಒಳಗೆ ನಿಂತ ಕೋಚ್ ನಕ್ಕರೆ ನಗಲಿ.

ಹಿಂದಿನ ಜಿಗಿತ ಆಗಿ 30 ದಿನ ದಾಟಿದ್ದರೆ ವಿದ್ಯಾರ್ಥಿಗಳು ಇನ್‌ಸ್ಟ್ರಕ್ಟರ್ ಜೊತೆಗೇ ಮತ್ತೆ ಶುರು ಮಾಡಬೇಕು. ನಮ್ಮಂಥ ದೂರದವರಿಗೆ ಇದು ಪ್ರತಿಸಲ ಬರುವ ಖರ್ಚು, ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಮೊದಲ ದಿನ ಲಾಗ್‌ಬುಕ್ ಕೈಗೆ ಕೊಟ್ಟು, ಮನೆಯಲ್ಲಿ ಏನೇನು ಅಭ್ಯಾಸ ಮಾಡಿದ್ದೀರಿ ಎಂದು ಹೇಳಿ, ಜಗಲಿಯ ವಿಡಿಯೋ ತೋರಿಸಿ. ಕಾಲು ಎಲ್ಲಿ ಸೊಟ್ಟ ಇದೆ ಎಂದು ಅವರು ಅಲ್ಲೇ ಹೇಳುತ್ತಾರೆ, ಅದಕ್ಕೆ ವಿಮಾನದ ಟಿಕೆಟ್ ಬೇಡ. ಆ ಮೊದಲ ಜಿಗಿತಕ್ಕೆ ಹೊಸದೇನೂ ಇಟ್ಟುಕೊಳ್ಳಬೇಡಿ. ನೇರ ಬೀಳುವುದು, ಎರಡು ನಿಧಾನದ ತಿರುವು, ಮೀಟರ್ ನೋಡುವುದು, ಹೇಳಿದ ಎತ್ತರಕ್ಕೆ ಬಿಚ್ಚುವುದು. ಇಳಿದು ಕನೋಪಿ ಮಡಚುವ ಮುಂಚೆಯೇ ಯಾವ ಕ್ಷಣದಲ್ಲಿ ಮೀಟರ್ ಎಷ್ಟಿತ್ತು ಎಂದು ನೆನಪಾದಷ್ಟು ಬರೆದುಕೊಳ್ಳಿ. ಆಮೇಲೆ ವಿಡಿಯೋ ಜೊತೆ ಹೋಲಿಸಿ ನೋಡಿ.